ಎರಡರಿಂದ ಮೂರಕ್ಕೆ

ಮೇಷ್ಟ್ರನ್ನು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಬೆಳಕು ಬಿಟ್ಟು, ಅಕ್ಷರ ಓದಿಸಿ, ಈ ವಯಸ್ಸಿಗೆ ಇಷ್ಟು ಕಾಣುವುದೇ ದೊಡ್ಡದು ಎಂದು ಕಳಿಸಿದರು. ಆಮೇಲೆ ಮಂಡಿಯ ಡಾಕ್ಟರು. ಅವರು ಮಂಡಿಯನ್ನು ಹಳೆಯ ಬಾಗಿಲಿನ ಹಾಗೆ ಮಡಚಿ ಬಿಡಿಸಿ, ಅದರ ಕಿರ್ರೆನ್ನುವ ಸದ್ದಿಗೆ ಕಿವಿಗೊಟ್ಟು, ಹಚ್ಚಿಕೊಳ್ಳಲು ಒಂದು ಮುಲಾಮು ಬರೆದರು. ಕೊನೆಗೆ ನರದ ಡಾಕ್ಟರು ಪುಟ್ಟ ಸುತ್ತಿಗೆಯಲ್ಲಿ ತಟ್ಟಿದಾಗ ಮೇಷ್ಟ್ರ ಬಲಗಾಲು ಎಗರಿ ಮೇಜಿನ ಪಕ್ಕದ ಕಸದ ಬುಟ್ಟಿಯನ್ನೇ ಒದ್ದಿತು. "ನನ್ನ ಕಾಲಿಗಿಂತ ಚುರುಕಾಗಿದೆ," ಎಂದು ಡಾಕ್ಟರು ಬಗ್ಗಿ ಬುಟ್ಟಿಯನ್ನು ನೆಟ್ಟಗೆ ಮಾಡಿದರು.

ಇಷ್ಟು ಜನರನ್ನು ಕಂಡ ಮನೆಯವರು ಕಾಣದೆ ಬಿಟ್ಟದ್ದು ಒಬ್ಬನನ್ನೇ, ಗಾಡಿ ರಿಪೇರಿಯವನನ್ನು. ಕೆಟ್ಟಿರುವುದು ಗಾಡಿ ಇರಬಹುದು ಎಂಬ ಆಲೋಚನೆ ಆ ಮನೆಯಲ್ಲಿ ಯಾರ ತಲೆಗೂ ಹೊಳೆಯುವಂತಿರಲಿಲ್ಲ. ಹೊಳೆಯದ ಹಾಗೆ ಅವರನ್ನೆಲ್ಲ ತಿದ್ದಿ ತೀಡಿದವರು ಸ್ವತಃ ಮೇಷ್ಟ್ರೇ.

ಅವರದು ಡ್ರೈವಿಂಗ್ ಸ್ಕೂಲು. ಊರಿನಲ್ಲಿ ಸ್ಟೀರಿಂಗ್ ಹಿಡಿಯಬಲ್ಲವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಬೈಸಿಕೊಂಡವರು. ಆ ಸ್ಕೂಲಿನಲ್ಲಿ ಒಂದು ಪದ್ಧತಿ ಇತ್ತು. ಗಾಡಿ ಮುಗ್ಗರಿಸಿದರೆ, ನಡುರಸ್ತೆಯಲ್ಲಿ ಉಸಿರು ಬಿಟ್ಟರೆ, ಗೇರು ಹಲ್ಲು ಕಡಿದರೆ, ಕಲಿಯುವವರು ಮೊದಲು ಬಾಯಿಬಿಟ್ಟು "ತಪ್ಪು ನನ್ನದು" ಎನ್ನಬೇಕು. ಅಂದ ಮೇಲೆಯೇ ಮತ್ತೆ ಕೀಲಿ ತಿರುಗಿಸುವುದು. ಹಿಂದಿನವರ ಹಾರನ್ನಿಗೆ ಕಿವಿ ತೂತಾದರೂ ಸರಿ. "ಗಾಡಿ ತಪ್ಪು ಮಾಡಲ್ಲ," ಎನ್ನುತ್ತಿದ್ದರು ಮೇಷ್ಟ್ರು. "ತಪ್ಪು ಮಾಡಬೇಕು ಅಂದ್ರೆ ತಲೆ ಇರಬೇಕು. ಗಾಡಿಗೆಲ್ಲಿದೆ ತಲೆ? ಇರೋದು ನಿನಗೆ. ಒಪ್ಕೋ, ಮುಂದಕ್ಕೆ ನಡಿ." ಈಗಲೂ ಊರಿನ ಸಿಗ್ನಲ್ಲುಗಳಲ್ಲಿ ಯಾವುದಾದರೂ ಕಾರು ಗಕ್ಕನೆ ನಿಂತು, ಒಳಗೆ ಕೂತವರ ತುಟಿ ಅಲುಗಿದರೆ, ಅವರು ಮೇಷ್ಟ್ರ ಶಿಷ್ಯರೆಂದು ಧಾರಾಳವಾಗಿ ಹೇಳಬಹುದು.

ಮಗಳು ಆ ಸ್ಕೂಲಿನಲ್ಲೇ ಕಲಿತಳು. ಅಳಿಯನೂ ಅಲ್ಲೇ ಕಲಿತ; ಒಂದು ತಿಂಗಳಲ್ಲಿ ಮುಗಿಯುವ ಕಲಿಕೆಯನ್ನು ಅವನು ವರ್ಷ ಎಳೆದದ್ದು ಯಾಕೆಂದು ಮೇಷ್ಟ್ರಿಗೆ ಮದುವೆ ಮಾತುಕತೆಯ ದಿನ ತಿಳಿಯಿತು. ಈಗ ಸ್ಕೂಲನ್ನು ಮಗಳೇ ನಡೆಸುತ್ತಾಳೆ, ಅದೇ ಪದ್ಧತಿಯಲ್ಲಿ. ಮನೆಯಲ್ಲಿ ಕಲಿಯದೆ ಉಳಿದವರು ಮೇಷ್ಟ್ರ ಹೆಂಡತಿ ಒಬ್ಬರೇ. ಮದುವೆಯಾದ ಹೊಸತರಲ್ಲಿ ಕೂರಿಸಿಕೊಂಡು ಹೋಗಿದ್ದರು. ಮೊದಲ ತಿರುವಿನಲ್ಲೇ ಗಾಡಿ ಆಫ್ ಆಯಿತು. "ಹೇಳು," ಎಂದರು ಮೇಷ್ಟ್ರು. "ಏನನ್ನ?" "ತಪ್ಪು ನನ್ನದು ಅಂತ." "ನಿಮ್ಮ ಗಾಡಿ ನಿಂತರೆ ನಾನ್ಯಾಕೆ ತಪ್ಪು ಒಪ್ಕೊಳ್ಳಲಿ? ಚೆನ್ನಾಗಿದೆ!" ಎಂದ ಅವರು ಬಾಗಿಲು ತೆಗೆದು, ಇಳಿದು, ಮನೆಗೆ ನಡೆದುಕೊಂಡು ಬಂದರು. ಅಂದಿನಿಂದ ಸಂಸಾರ ಸುಖವಾಗಿಯೇ ಸಾಗಿದೆ, ಅವರು ಹಿಂದಿನ ಸೀಟಿನಲ್ಲಿ ಕೂತು.

ಸ್ಕೂಲನ್ನು ಮಗಳಿಗೆ ಬಿಟ್ಟುಕೊಟ್ಟ ಮೇಲೆ ಮೇಷ್ಟ್ರಿಗೆ ಉಳಿದದ್ದು ಒಂದು ಮಿನಿವ್ಯಾನು ಮತ್ತು ಒಂದು ಕೆಲಸ. ವ್ಯಾನು ಗೇರನ್ನು ತಾನೇ ಬದಲಾಯಿಸಿಕೊಳ್ಳುವಂಥದ್ದು. "ಇದು ಡ್ರೈವಿಂಗಾ? ಕೂತಿರೋದು ಅಷ್ಟೇ," ಎಂದು ಗೊಣಗುತ್ತಲೇ ಮಂಡಿಯ ಸಲುವಾಗಿ ಕೊಂಡದ್ದು. ಕೆಲಸವೆಂದರೆ, ಮಧ್ಯಾಹ್ನ ಸೇತುವೆಯಾಚೆಯ ಶಾಲೆಯಿಂದ ಮೊಮ್ಮಗಳನ್ನು ಕರೆತರುವುದು. ಆರು ವರ್ಷದ ಆ ಹುಡುಗಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಶಾಲೆಯ ಗೇಟಿನಿಂದ ಮನೆಯ ಗೇಟಿನವರೆಗೆ ಅವಳ ಬಾಯಿ ಮುಚ್ಚುತ್ತಿರಲಿಲ್ಲ. ಇಡೀ ದಿನದಲ್ಲಿ ಮೇಷ್ಟ್ರು ಮಾತಾಡದೆ ಕೇಳಿಸಿಕೊಳ್ಳುತ್ತಿದ್ದ ಹೊತ್ತು ಅದೊಂದೇ.

ಆ ಬೇಸಿಗೆಯಲ್ಲಿ ವ್ಯಾನು ಮುಗ್ಗರಿಸತೊಡಗಿತು. ಹೋಗುವಾಗ ಸಾಧು ಹಸು. ಬರುವಾಗ, ಸೇತುವೆಯ ಏರಿನ ಹತ್ತಿರ, ಯಾರೋ ಹಿಂದಿನಿಂದ ಗುದ್ದಿದ ಹಾಗೆ ಒಂದು ಎಳೆತ. ಮೇಷ್ಟ್ರು ಮರ್ಯಾದಸ್ಥರು, ಪ್ರತಿ ಸಲವೂ ಗಟ್ಟಿಯಾಗಿ "ತಪ್ಪು ನನ್ನದು" ಎಂದರು. ಹಿಂದೆ ಕೂತ ಚಿನಕುರುಳಿಗೆ ಅದೊಂದು ಆಟವಾಯಿತು. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ವರದಿ: "ಅಮ್ಮಾ, ತಾತ ಇವತ್ತು ನಾಲ್ಕು ತಪ್ಪು!"

ಒಂದು ದಿನ ಏರಿನ ನಡುವೆ ವ್ಯಾನು ಎಳೆದದ್ದಷ್ಟೇ ಅಲ್ಲ, ಒಂದೇ ಗೇರಿಗೆ ಅಂಟಿಕೊಂಡು ಬೊಬ್ಬೆ ಹೊಡೆಯಿತು. ಹಿಂದಿದ್ದ ಲಾರಿ ಒಂದು ಗೇಣು ದೂರದಲ್ಲಿ ಬ್ರೇಕು ಹಾಕಿ ಕಿರುಚಿತು. ಚಿನಕುರುಳಿ ಮುಂದಿನ ಸೀಟಿಗೆ ಮುಖ ಬಡಿದು ತುಟಿ ಒಡೆದುಕೊಂಡಳು. ಬಿಳಿ ಅಂಗಿಯ ಮೇಲೆ ರಕ್ತ. ಮನೆಗೆ ಬಂದಾಗ ಅವಳು ಮಾತಾಡುತ್ತಿರಲಿಲ್ಲ. ಅದೇ ಎಲ್ಲರನ್ನೂ ಹೆದರಿಸಿತು.

ಮಗಳು ಮಗುವಿನ ತುಟಿಗೆ ಐಸು ಒತ್ತುತ್ತಾ, ಅಪ್ಪನ ಮುಖ ನೋಡದೆ ಕೇಳಿದಳು. "ಏನಾಯ್ತಪ್ಪಾ?"

"ತಪ್ಪು ನನ್ನದು."

"ಅಪ್ಪಾ, ಸ್ಕೂಲಿನ ಮಾತು ಬೇಡ. ನಿಜವಾಗಿ ಏನಾಯ್ತು?"

"ನಿಜವಾಗೇ ಹೇಳ್ತಿದೀನಿ ಕಣೇ. ಕಾಲು ಅದುರಿರಬೇಕು."

ಮಗಳು ಮಾರನೆಯ ದಿನ ತಾನೇ ವ್ಯಾನನ್ನು ಬಡಾವಣೆಯ ಸುತ್ತ ಒಂದು ಸುತ್ತು ಹಾಕಿಸಿ ತಂದಳು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಅಳಿಯನೂ ಒಂದು ಸುತ್ತು ಹೋದ. ಬೆಣ್ಣೆ. ಅಲ್ಲಿಗೆ ತೀರ್ಮಾನ ಆದ ಹಾಗೇ. ಮಗಳು ಕೀಲಿಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು ಜಿಪ್ಪು ಎಳೆದಳು. "ಕೆಲವು ದಿನ ಅಷ್ಟೇ ಅಪ್ಪಾ. ಇವಳನ್ನ ನಾನೇ ಕರ್ಕೊಂಡು ಬರ್ತೀನಿ," ಎಂದಳು. ದನಿಯಲ್ಲಿ ಕಠೋರತೆ ಇರಲಿಲ್ಲ, ಅಳು ಇತ್ತು. ಕಠೋರವಾಗಿದ್ದರೆ ಮೇಷ್ಟ್ರು ಎರಡು ಮಾತು ಆಡಿ ಹಗುರಾಗುತ್ತಿದ್ದರು. ಅವರು ಸುಮ್ಮನೆ ತಲೆ ಅಲ್ಲಾಡಿಸಿದರು. ಅವರದೇ ಕಾನೂನು, ಮೇಲ್ಮನವಿ ಹಾಕಲು ಮೇಲೆ ಯಾರೂ ಇರಲಿಲ್ಲ.

ಆಮೇಲಿನದು ಡಾಕ್ಟರುಗಳ ಯಾತ್ರೆ. ಮೂವರೂ ಏನೂ ಇಲ್ಲ ಎಂದದ್ದು ಮೇಷ್ಟ್ರಿಗೆ ಸಮಾಧಾನ ತರಲಿಲ್ಲ. ರೋಗ ಮೂವರ ಕಣ್ಣಿಗೂ ಮಣ್ಣೆರಚುವಷ್ಟು ಜಾಣ ಎಂದೇ ತಿಳಿದರು. ಒಂದು ಬೆಳಿಗ್ಗೆ ಹೆಂಡತಿ ಅಡುಗೆಮನೆಗೆ ಬಂದರೆ, ಗಂಡ ತೂಕ ನೋಡುವ ಯಂತ್ರವನ್ನು ಬಚ್ಚಲಿನಿಂದ ತಂದು, ಗೋಡೆಗೆ ಓರೆಯಾಗಿ ಆನಿಸಿ, ಕುರ್ಚಿಯಲ್ಲಿ ಕೂತು ಅದನ್ನು ಬಲಗಾಲಲ್ಲಿ ಒತ್ತುತ್ತಿದ್ದರು. ಕಣ್ಣು ಮುಳ್ಳಿನ ಮೇಲೆ.

"ಏನ್ರೀ ಇದು?"

"ಶ್! ಅಲ್ಲಾಡ್ತಿದೆಯಾ ನೋಡು."

"ಯಾವುದು?"

"ಮುಳ್ಳು. ಒಂದೇ ಕಡೆ ನಿಲ್ಲಬೇಕು ಅದು. ನಡುಕ ಇದ್ರೆ ಅಲ್ಲಾಡುತ್ತೆ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. "ಅಲ್ಲಾಡ್ತಿಲ್ಲ," ಎಂದರು.

"ಮನೇಲಿ ಅಲ್ಲಾಡಲ್ಲ. ಅದೇ ಬಂದಿರೋ ತೊಂದರೆ."

"ಗಾಡೀನ ಯಾರಿಗಾದರೂ ತೋರಿಸಬಾರದಾ?"

ಮೇಷ್ಟ್ರು ಹೆಂಡತಿಯತ್ತ ನೋಡಿದ ನೋಟದಲ್ಲಿ ಕನಿಕರ ಇತ್ತು. "ನಿನಗೆ ಡ್ರೈವಿಂಗ್ ಗೊತ್ತಿಲ್ಲ," ಎಂದರು.

ಮಧ್ಯಾಹ್ನಗಳು ಉದ್ದವಾದವು. ಶಾಲೆ ಬಿಡುವ ಹೊತ್ತಿಗೆ ಮೇಷ್ಟ್ರು ಪ್ಯಾಂಟು ಹಾಕಿಕೊಂಡು ತಯಾರಾಗುವುದನ್ನು ಮಾತ್ರ ಬಿಡಲಿಲ್ಲ. ಮಹಡಿಯಿಂದ ಮಗಳ ಕಾರು ಬರುವುದನ್ನು ನೋಡುವರು. ಚಿನಕುರುಳಿ ಇಳಿದು, ದಾರಿಯಲ್ಲೇ ಹೇಳಿ ಮುಗಿಸಿದ ಸುದ್ದಿಯ ಚೂರುಪಾರು ಮಾತ್ರ ತಾತನಿಗೆ ಕೊಡುವಳು. ಬಸ್ಸಿಳಿದವರ ಕೈಯಿಂದ ಹಳೇ ಪೇಪರು ಇಸಿದುಕೊಂಡು ಓದಿದಂತಾಗುತ್ತಿತ್ತು. ಒಂದು ದಿನ ಅವಳು ಕಿವಿಯಲ್ಲಿ ಕೇಳಿದಳು. "ತಾತಾ, ನಿಮ್ಮ ಕಾಲು ವಾಸಿ ಆದಮೇಲೆ ನಾನು ನಿಮ್ಮ ಜೊತೆ ಬರಬಹುದಾ?"

"ನಿಮ್ಮಮ್ಮನ್ನ ಕೇಳಬೇಕು."

"ಕೇಳಿದೆ."

"ಏನಂದಳು?"

"ನೋಡೋಣ ಅಂದಳು." ಚಿನಕುರುಳಿ ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟಳು. "ನೋಡೋಣ ಅಂದ್ರೆ ಇಲ್ಲ ಅಂತ, ಅಲ್ವಾ ತಾತ?"

ಅಂದೇ ರಾತ್ರಿ ಊಟದ ಹೊತ್ತಿನಲ್ಲಿ ಮೇಷ್ಟ್ರು, ಯಾರೂ ಕೇಳದಿದ್ದರೂ, ವ್ಯಾನನ್ನು ಮಾರಿಬಿಡೋಣ ಎಂದರು. ನಿಂತ ಗಾಡಿ ತುಕ್ಕು ಹಿಡಿಯುತ್ತದೆ, ಟೈರು ಹಾಳಾಗುತ್ತದೆ, ಹೀಗೆ ನಾಲ್ಕು ಕಾರಣ ಕೊಟ್ಟರು. ಐದನೆಯದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಎತ್ತಲಿಲ್ಲ. ಮಗಳು ತಟ್ಟೆ ನೋಡುತ್ತಾ "ಸರಿ ಅಪ್ಪಾ," ಎಂದಳು.

ಕೊಳ್ಳುವವನೊಬ್ಬ ಊರಾಚೆ ಸಿಕ್ಕ. ಹೂವಿನ ಅಂಗಡಿಯವನು, ಬುಟ್ಟಿಗಳನ್ನು ಸಾಗಿಸಲು ಅಗಲದ ಗಾಡಿ ಬೇಕಿತ್ತು. ತೋರಿಸಿ ಬರಲು ಮಗಳೇ ವ್ಯಾನು ಓಡಿಸಿದಳು, ಮೇಷ್ಟ್ರು ಪಕ್ಕದಲ್ಲಿ, ಹೆಂಡತಿ ತಮ್ಮ ಕಾಯಂ ಜಾಗದಲ್ಲಿ. ನೆತ್ತಿ ಸುಡುವ ಬಿಸಿಲು. ಸೇತುವೆಯ ಮೇಲೆ ವಾಹನಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ತೆವಳಿ, ನಿಂತು, ತೆವಳಿ, ಕೊನೆಗೆ ದಾರಿ ಬಿಟ್ಟಾಗ ಮಗಳು ಪೆಡಲ್ ಒತ್ತಿದಳು. ವ್ಯಾನು ಗಕ್ಕೆಂದು ಮುಗ್ಗರಿಸಿತು. ಮೂವರ ತಲೆಗಳೂ ಒಟ್ಟಿಗೆ ಹೌದು ಹೌದು ಎಂದವು.

"ತಪ್ಪು ನನ್ನದು," ಎಂದಳು ಮಗಳು, ಉಸಿರಾಡಿದಷ್ಟು ಸಹಜವಾಗಿ.

ವ್ಯಾನು ಇನ್ನೊಮ್ಮೆ ಎಳೆಯಿತು.

"ತಪ್ಪು ನನ್ನದೇ. ಏನೋ ಇವತ್ತು ಕಾಲು..."

"ಹಿಮ್ಮಡಿ ಊರಿಕೋ," ಎಂದರು ಮೇಷ್ಟ್ರು.

ಹಿಂದಿನ ಸೀಟಿನಿಂದ ಹೆಂಡತಿಯ ದನಿ ಬಂತು. "ಅಲ್ಲ, ಅಪ್ಪನಿಗೂ ಮಗಳಿಗೂ ಒಂದೇ ಸಲ ಒಂದೇ ಕಾಲಿಗೆ ಒಂದೇ ರೋಗ ಬಂತಾ? ನಾಳೆ ಅಳಿಯಂದಿರು ಓಡಿಸಿದರೆ ಅವರಿಗೂ ಬರುತ್ತೆ. ಅಂಟುರೋಗ ಇರಬೇಕು. ಸದ್ಯ, ನಾನು ಕಲೀಲಿಲ್ಲ!"

ಮಗಳು ಮೆಲ್ಲಗೆ ಎಡಕ್ಕೆ ಸರಿದು, ಸೇತುವೆ ಇಳಿದೊಡನೆ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿದಳು. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಿಮಗೂ ಹೀಗೇನೇ ಆಗ್ತಿತ್ತಾ?"

"ಹೀಗೇ," ಎಂದರು ಮೇಷ್ಟ್ರು. ಅವರಿಗೆ ಸಂತೋಷವೇನೂ ಆಗಲಿಲ್ಲ. ಎಷ್ಟೋ ವರ್ಷ ಒರಗಿದ ಗೋಡೆ ಹಿಂದಕ್ಕೆ ಸರಿದರೆ ಆಗುತ್ತದಲ್ಲ, ಹಾಗಾಯಿತು. ಹಿಂದಿನಿಂದ ಹೆಂಡತಿ ಮಾತ್ರ "ಹೂವಿನವನಿಗೆ ಫೋನ್ ಮಾಡಿ, ಇವತ್ತು ಬರಲ್ಲ ಅನ್ನು," ಎಂದರು.

ಹೋದದ್ದು ರಿವರ್ಸ್ ಗ್ಯಾರೇಜಿಗೆ. ಬೋರ್ಡಿನ ಮೇಲೆ ಬೇರೆ ಯಾವುದೋ ದೊಡ್ಡ ಹೆಸರು ಇತ್ತು, ಆದರೆ ಊರು ಕರೆಯುತ್ತಿದ್ದದ್ದು ಹೀಗೆ. ಯಜಮಾನ ಮೇಷ್ಟ್ರ ಹಳೇ ಶಿಷ್ಯ. ಲೈಸೆನ್ಸಿನ ಪರೀಕ್ಷೆಯ ದಿನ ಮುಂದಕ್ಕೆ ಹೋಗು ಎಂದರೆ ಹಿಂದಕ್ಕೆ ಹೋಗಿ ಇನ್ಸ್‌ಪೆಕ್ಟರು ಆಗಷ್ಟೇ ಎದ್ದುಹೋಗಿದ್ದ ಕುರ್ಚಿಯನ್ನು ಚಪ್ಪಟೆ ಮಾಡಿದವನು. ರಿವರ್ಸ್ ಎಂಬ ಬಿರುದು ಮೇಷ್ಟ್ರೇ ಕೊಟ್ಟದ್ದು. ಅವನು ಅದನ್ನು ಮೀಸೆ ತಿರುವಿಕೊಂಡು ಇಟ್ಟುಕೊಂಡಿದ್ದ.

"ಗೇರ್ ಆಯಿಲ್ಲು ಮೇಷ್ಟ್ರೇ," ಎಂದ, ಬಾನೆಟ್ ತೆಗೆಯುವ ಮೊದಲೇ. "ಕಣ್ಣು ಮುಚ್ಚಿ ಹೇಳ್ತೀನಿ."

ಕಣ್ಣು ಮುಚ್ಚಿ ಹೇಳಿದ್ದು ಸುಳ್ಳಾಯಿತು. ಆಯಿಲ್ಲು ಬದಲಾಯಿಸಿದ ವಾರದೊಳಗೆ ಮಗಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮತ್ತೆ ವ್ಯಾನನ್ನು ತಂದು ನಿಲ್ಲಿಸಿದಳು. ಈ ಸಲ ರಿವರ್ಸ್ ಕಣ್ಣು ತೆರೆದ. ಲ್ಯಾಪ್‌ಟಾಪನ್ನು ವ್ಯಾನಿಗೆ ಜೋಡಿಸಿ, ಪರದೆ ನೋಡಿ, ಗಡ್ಡ ಕೆರೆದುಕೊಂಡು, "ತಣ್ಣಗಿರೋವಾಗ ಎಲ್ಲ ಸರಿ ಇದೆ. ಬಿಸಿ ಆದಾಗ ಎಲ್ಲೋ ಸಂಪರ್ಕ ತಪ್ಪುತ್ತೆ," ಎಂದ. ಆಮೇಲೆ ಎದ್ದು ಪಕ್ಕದ ಹೆಂಗಸರ ಸಲೂನಿಗೆ ಹೋಗಿ, ಕೂದಲು ಒಣಗಿಸುವ ಗುಲಾಬಿ ಬಣ್ಣದ ಯಂತ್ರವೊಂದನ್ನು ತಂದ.

"ಯಾರಿಗೋ ಇದು?" ಎಂದರು ಮೇಷ್ಟ್ರ ಹೆಂಡತಿ.

"ನಿಮ್ಮ ಗಾಡಿ ತಲೆಗೆ ಅಮ್ಮ."

ಬ್ಯಾಟರಿಯ ಕೆಳಗೆ, ಇಂಜಿನ್ನಿನ ಕಾವು ನೇರವಾಗಿ ಬಡಿಯುವಲ್ಲಿ, ಊಟದ ಡಬ್ಬಿಯಷ್ಟು ದೊಡ್ಡ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಇತ್ತು. ರಿವರ್ಸ್ ಇಂಜಿನ್ ಚಾಲೂ ಮಾಡಿ, ಬಿಸಿಗಾಳಿಯನ್ನು ಅದರ ಮೇಲೆ ಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ ಓಡುತ್ತಿದ್ದ ಗೆರೆಯೊಂದು ದಬಕ್ಕನೆ ನೆಲಕ್ಕೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿದ. ಗೆರೆ ಏನೂ ಆಗಿಲ್ಲವೆಂಬಂತೆ ಓಡತೊಡಗಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ರಿವರ್ಸ್ ಯಂತ್ರವನ್ನು ಪಿಸ್ತೂಲಿನ ಹಾಗೆ ಮೇಲಕ್ಕೆತ್ತಿದ. "ಗೇರು ಯಾವಾಗ ಬದಲಾಗಬೇಕು ಅಂತ ಹೇಳೋ ಮಾಡ್ಯೂಲು ಇದು. ಒಳಗೆ ಬೆಸುಗೆ ಬಿರುಕು ಬಿಟ್ಟಿದೆ. ಕಾವು ಏರಿದ್ರೆ ಬಾಯಿ ಬಿಡುತ್ತೆ, ಆರಿದ್ರೆ ಮುಚ್ಕೊಳ್ಳುತ್ತೆ. ನೀವು ಪಾಠದಲ್ಲಿ ಹೇಳ್ತಿದ್ರಲ್ಲ ಮೇಷ್ಟ್ರೇ, ಗಾಡಿಗೆ ತಲೆ ಇಲ್ಲ ಅಂತ? ಈಗಿನವಕ್ಕೆ ಇದೆ. ಅದೇ ಕೆಟ್ಟಿರೋದು."

ಮೇಷ್ಟ್ರು ಬಿಸಿಯಾದ ಪೆಟ್ಟಿಗೆಯ ಮೇಲೆ ಬೆರಳಿಟ್ಟು ತಕ್ಷಣ ತೆಗೆದರು. ಮಗಳು ಪಕ್ಕದಲ್ಲಿ ನಿಂತಿದ್ದಳು. "ಮೂರು ಡಾಕ್ಟರ ಹತ್ತಿರ ಕರ್ಕೊಂಡು ಹೋದೆ ನಿಮ್ಮನ್ನ," ಎಂದಳು. ಯಾರಿಗೆ ಹೇಳಿದಳೋ.

"ಮುಲಾಮು ಚೆನ್ನಾಗಿದೆ ಬಿಡು," ಎಂದರು ಮೇಷ್ಟ್ರು.

ಹೊಸ ಮಾಡ್ಯೂಲು ದೂರದಿಂದ ಬರಬೇಕಿತ್ತು. ಕಾಯುವ ದಿನಗಳಲ್ಲಿ ಕೀಲಿಯ ಮಾತನ್ನು ಯಾರೂ ಎತ್ತಲಿಲ್ಲ. ಗಾಡಿ ನಿರಪರಾಧಿಯಲ್ಲವೆಂದು ಸಾಬೀತಾಗಿತ್ತು. ಅಷ್ಟರಿಂದಲೇ ಕಾಲು ನಿರಪರಾಧಿಯೆಂದು ಸಾಬೀತಾಗುತ್ತದೆಯೇ ಎಂಬುದು ಮೇಷ್ಟ್ರಿಗೇ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ. ಮಗುವಿನ ತುಟಿಯ ಮೇಲಿನ ಗುರುತು ಇನ್ನೂ ಪೂರ್ತಿ ಮಾಸಿರಲಿಲ್ಲ, ಮಗಳ ಕಣ್ಣು ದಿನಕ್ಕೊಮ್ಮೆ ಅಲ್ಲಿಗೆ ಹೋಗುವುದನ್ನು ಮೇಷ್ಟ್ರು ನೋಡುತ್ತಿದ್ದರು.

ಮಾಡ್ಯೂಲು ಬಂದ ದಿನ ಅಪ್ಪ ಮಗಳು ಇಬ್ಬರೂ ಗ್ಯಾರೇಜಿನಲ್ಲಿದ್ದರು. ರಿವರ್ಸ್ ಬ್ಯಾಟರಿಯ ತಂತಿ ಬಿಚ್ಚಿದ, ಬ್ಯಾಟರಿ ಎತ್ತಿಟ್ಟ, ಅದರ ತಟ್ಟೆ ತೆಗೆದ. ಹಳೇ ಪೆಟ್ಟಿಗೆಗೆ ಕಚ್ಚಿಕೊಂಡಿದ್ದ ಅಗಲವಾದ ಪ್ಲಗ್ಗಿನ ಕೊಂಡಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಮೇಲಕ್ಕೆ ಮೀಟಿ ಬಿಡಿಸಿದ. ಬೋಲ್ಟು ಬಿಚ್ಚುವಾಗ ಬೈದ, ಬಿಚ್ಚಿಕೊಂಡಾಗ ಮುದ್ದು ಮಾಡಿದ. ಪ್ಲಗ್ಗಿನ ಒಳಗಿನ ಪಿನ್ನುಗಳನ್ನು ಉಫ್ ಎಂದು ಊದುವ ಆಸೆಯನ್ನು ತಡೆದುಕೊಂಡು ಸ್ಪ್ರೇಯಲ್ಲಿ ಶುಚಿ ಮಾಡಿ, ಹೊಸ ಪೆಟ್ಟಿಗೆ ಕೂರಿಸಿದ. ಎಲ್ಲ ಜೋಡಿಸಿ, ಲ್ಯಾಪ್‌ಟಾಪಿನಿಂದ ಹೊಸದಕ್ಕೆ ಈ ವ್ಯಾನಿನ ಗುರುತು ತುಂಬುವಾಗ, "ಈಗ ಯಾರೂ ಬಾಗಿಲು ತೆಗೀಬೇಡಿ, ಲೈಟ್ ಹಾಕಬೇಡಿ, ಕೆಮ್ಮಲೂಬೇಡಿ," ಎಂದ. ಮೇಷ್ಟ್ರಿಗೆ ಆಗಲೇ ಕೆಮ್ಮು ಬಂತು. ಹೊರಗೆ ಹೋಗಿ ಕೆಮ್ಮಿ ಬಂದರು.

"ಮುಗೀತಾ?" ಎಂದಳು ಮಗಳು.

"ಅರ್ಧ ಮುಗೀತು ಅಕ್ಕಾ. ಹೊಸ ತಲೆಗೆ ಈ ಗೇರ್‌ಬಾಕ್ಸಿನ ಪರಿಚಯ ಇಲ್ಲ. ಕಲಿಸಬೇಕು. ಆಯಿಲ್ಲು ಬಿಸಿ ಆದಮೇಲೆ, ಪೆಡಲ್ಲು ಸ್ವಲ್ಪ ಒತ್ತಿ, ಒಂದೇ ಸಮ ಹಿಡಿದು, ಎಲ್ಲ ಗೇರೂ ಹತ್ತೋಕೆ ಬಿಡಬೇಕು. ಆಮೇಲೆ ತಾನಾಗೇ ನಿಧಾನ ಆಗಿ ನಿಲ್ಲಬೇಕು. ಮತ್ತೆ ಮೊದಲಿಂದ. ಕಾಲು ಒಂಚೂರು ಹೆಚ್ಚುಕಮ್ಮಿ ಆದರೂ ಅದು ಕಲಿಯಲ್ಲ." ರಿವರ್ಸ್ ಕೈ ಒರೆಸಿಕೊಂಡು ಇಬ್ಬರನ್ನೂ ನೋಡಿದ. "ಯಾರು ಓಡಿಸ್ತೀರ?"

ಮಗಳು ಕೈಚೀಲದ ಜಿಪ್ಪು ತೆಗೆದಳು. ಕೀಲಿಯನ್ನು ಒಂದು ಕ್ಷಣ ತನ್ನ ಅಂಗೈಯಲ್ಲೇ ಇಟ್ಟುಕೊಂಡು, ಆಮೇಲೆ ಅಪ್ಪನ ಮುಂದೆ ಹಿಡಿದಳು. "ಕಲಿಸೋದು ನಿಮ್ಮ ಕೆಲಸ ಅಲ್ವಾ," ಎಂದಳು. ನಗಲು ನೋಡಿದಳು. ಮೇಷ್ಟ್ರು ಕೀಲಿ ತೆಗೆದುಕೊಂಡರು. ಇದು ಪರೀಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು. ಸರಿ ತಪ್ಪು ಹೇಳುವುದು ಈ ಸಲ ಯಾರ ಬಾಯೂ ಅಲ್ಲ, ಲ್ಯಾಪ್‌ಟಾಪು.

ಗೋದಾಮುಗಳ ಹಿಂದಿನ ರಸ್ತೆ ಉದ್ದಕ್ಕೆ, ನೇರವಾಗಿ, ಖಾಲಿ ಇತ್ತು. ಪಕ್ಕದಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡ ರಿವರ್ಸ್, ಹಿಂದೆ ಮಗಳು. ಆಯಿಲ್ಲು ಬಿಸಿಯಾಗುವವರೆಗೆ ಸುತ್ತಾಡಿ, ಶುರು ಮಾಡಿದರು. ಗೇರು ಕಲಿತರೆ ಪರದೆಯ ಪಟ್ಟಿ ಹಸಿರಾಗಬೇಕು, ಇಲ್ಲದಿದ್ದರೆ ಕೆಂಪು.

"ಒತ್ತಿ ಮೇಷ್ಟ್ರೇ. ಹಾಂ, ಅಷ್ಟೇ. ಒಂದರಿಂದ ಎರಡು, ಹಸಿರು! ಎರಡರಿಂದ ಮೂರು... ಇಲ್ಲ. ಕೆಂಪು. ಇರಲಿ, ಮತ್ತೆ."

ಮತ್ತೆ. ಒಂದರಿಂದ ಎರಡು ಹಸಿರು, ಎರಡರಿಂದ ಮೂರು ಕೆಂಪು. ಮತ್ತೆ. ಮೇಷ್ಟ್ರ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ರಸ್ತೆಯ ಕೊನೆಗೆ ಹೋಗಿ, ತಿರುಗಿಸಿ, ಬಂದು, ತಿರುಗಿಸಿ. ಗೋದಾಮಿನ ಕಾವಲುಗಾರ ಕುರ್ಚಿಯನ್ನೇ ಇವರ ಕಡೆಗೆ ತಿರುಗಿಸಿಕೊಂಡು ಕೂತ. ಮೇಷ್ಟ್ರು ತಪ್ಪು ನನ್ನದು ಎನ್ನುವುದನ್ನು ಜೋರಾಗಿ ಶುರು ಮಾಡಿದ್ದರು. ಈಗ ಅದು ತುಟಿಯೊಳಗೇ ಉಳಿಯುತ್ತಿತ್ತು.

ರಿವರ್ಸ್ ಕನ್ನಡಿಯಲ್ಲಿ ಮಗಳ ಕಡೆ ನೋಡಿದ. ಹೇಳಲು ಅವನಿಗೂ ಮನಸ್ಸಿರಲಿಲ್ಲ. "ಅಕ್ಕಾ, ಬೇಕಾದ್ರೆ ನೀವು ಒಂದ್ಸಲ..."

ಮೇಷ್ಟ್ರು ವ್ಯಾನು ನಿಲ್ಲಿಸಿದರು. ಬೆಲ್ಟ್ ಬಿಚ್ಚಲು ಕೈ ಹೋಯಿತು.

"ನೀನು ಹಿಂದಕ್ಕೆ ಬಾ," ಎಂದಳು ಮಗಳು.

"ನಾನಾ?" ಎಂದರು ಮೇಷ್ಟ್ರು.

"ನೀವಲ್ಲ ಅಪ್ಪಾ. ಇವನಿಗೆ ಹೇಳಿದ್ದು."

ರಿವರ್ಸ್ ಲ್ಯಾಪ್‌ಟಾಪು ಎದೆಗವಚಿಕೊಂಡು, ಅದರ ತಂತಿಯನ್ನು ಹಾವಿನ ಹಾಗೆ ಎಳೆದುಕೊಂಡು ಹಿಂದಕ್ಕೆ ಹೋದ. ಮಗಳು ಮುಂದೆ ಬಂದು ಮೇಷ್ಟ್ರ ಪಕ್ಕ ಕೂತಳು. ಸ್ಕೂಲಿನ ಗಾಡಿಯಲ್ಲಿ ಮೇಷ್ಟ್ರು ಎಷ್ಟೋ ವರ್ಷ ಕೂತು ಜನರ ಪ್ರಾಣ ತೆಗೆದ ಜಾಗ ಅದು. ಈಗ ಅವಳು ದಿನವೂ ಕೂರುವುದು ಅಲ್ಲೇ. ಕೂತವಳು ರಸ್ತೆಯನ್ನು ನೋಡಲೇ ಇಲ್ಲ. ಬಗ್ಗಿ, ಅಪ್ಪನ ಬಲಗಾಲ ಶೂವನ್ನು ನೋಡಿದಳು.

"ಈಗ ನಡೀರಿ."

ಮೇಷ್ಟ್ರು ಒತ್ತಿದರು. ಒಂದರಿಂದ ಎರಡು. ಎರಡರಿಂದ...

"ನಿಲ್ಲಿಸಿ."

ನಿಲ್ಲಿಸಿದರು.

"ಅಪ್ಪಾ, ಅದು ಮೂರಕ್ಕೆ ಹೋಗೋಕೆ ಮುಂಚೆನೇ ನೀವು ಕಾಲು ಹಿಂದಕ್ಕೆ ತಗೋತಿದ್ದೀರ."

"ಇಲ್ಲವಲ್ಲ!"

"ತಗೋತಿದ್ದೀರ. ಕೂದಲೆಳೆಯಷ್ಟು. ಏಟು ಬೀಳುತ್ತೆ ಅಂತ ಕೆನ್ನೆ ತಪ್ಪಿಸಿಕೊಂಡ ಹಾಗೆ."

ಮೇಷ್ಟ್ರು ತಮ್ಮ ಶೂ ನೋಡಿಕೊಂಡರು. ಅದು ಅಮಾಯಕನಂತೆ ಕೂತಿತ್ತು. ಅವರಿಗೆ ನೆನಪಾಯಿತು, ಆ ತಿಂಗಳುಗಳ ಸೇತುವೆ, ಏರು, ಹಿಂದಿನ ಸೀಟಿನಲ್ಲಿ ಮಗು. ಎಳೆತ ಬರುವ ಜಾಗ ಕಾಲಿಗೆ ಬಾಯಿಪಾಠವಾಗಿತ್ತು. ಮಗುವಿಗೆ ತಾಗದಿರಲಿ ಎಂದು ಪ್ರತಿ ಸಲವೂ ಮೊದಲೇ ಹಗುರ ಮಾಡುತ್ತಿದ್ದರು. ಕೆಟ್ಟ ಪೆಟ್ಟಿಗೆ ಗ್ಯಾರೇಜಿನ ಬೆಂಚಿನ ಮೇಲೆ ಬಿದ್ದಿತ್ತು, ಅದಕ್ಕೆ ಹೆದರಿದ ಕಾಲು ಮಾತ್ರ ಇಲ್ಲಿ ಇನ್ನೂ ಹೆದರುತ್ತಿತ್ತು.

"ತಪ್ಪು..." ಎಂದು ಬಾಯಿ ತೆರೆದರು.

"ಅದನ್ನ ಅನ್ನಬೇಡಿ," ಎಂದಳು ಮಗಳು. ಅಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದಳು. "ನೀವು ಹಾಗಂದ್ರಿ, ನಾನು ನಂಬಿದೆ. ಬೇರೆ ಏನಾದರೂ ಇರಬಹುದು ಅಂತ ಒಂದ್ಸಲಾನೂ ಯೋಚನೆ ಮಾಡಲಿಲ್ಲ. ನೀವು ಕೆಳಗೆ ಬೀಳ್ತಿದ್ದೀರ ಅಂತ ನೀವೇ ಹೇಳ್ತಿದ್ರೆ, ಕೈ ಹಿಡಿಯೋದು ಬಿಟ್ಟು ದೂರ ಸರಿದು ನಿಂತ ಹಾಗಾಯ್ತು."

ಹಿಂದಿನ ಸೀಟಿನಲ್ಲಿ ರಿವರ್ಸ್ ಪರದೆಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

"ಮಗೂಗೆ ರಕ್ತ ಬಂದಿತ್ತು," ಎಂದರು ಮೇಷ್ಟ್ರು. "ನೀನು ಕೀಲಿ ತಗೊಳ್ಳದೇ ಇದ್ದಿದ್ರೆ ನಾನೇ ನಿನ್ನ ಬೈತಿದ್ದೆ."

"ಸರಿ. ಈಗ ಕಾಲಿಡಿ."

ಅವಳು ಮತ್ತೆ ಬಗ್ಗಿದಳು. ವ್ಯಾನು ಹೊರಟಿತು. ಒಂದು. ಎರಡು. ಇಂಜಿನ್ನಿನ ದನಿ ಏರತೊಡಗಿದಾಗ ಮೇಷ್ಟ್ರ ಪಾದದೊಳಗೆ ಆ ಹಳೆಯ ಭಯ ಕಳ್ಳಹೆಜ್ಜೆಯಲ್ಲಿ ಬಂದುಬಿಟ್ಟಿತು. ಈಗ ಎಳೆಯುತ್ತದೆ, ಈಗ.

"ಬಿಡಬೇಡಿ," ಎಂದಳು ಮಗಳು ಮೆಲ್ಲಗೆ. "ಬಿಡಬೇಡಿ... ಹಾಗೇ ಇರಲಿ... ನಾನು ನೋಡ್ತಿದೀನಿ... ಬಿಡಬೇಡಿ..."

ಮೇಷ್ಟ್ರು ಬಿಡಲಿಲ್ಲ. ಗೇರು ಬದಲಾದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಇಂಜಿನ್ನಿನ ದನಿ ಮಾತ್ರ ಒಂದು ಮೆಟ್ಟಿಲು ಇಳಿಯಿತು.

"ಹಸಿರು!" ಎಂದು ಹಿಂದಿನಿಂದ ರಿವರ್ಸ್ ಕೂಗಿದ ಕೂಗಿಗೆ ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ.

ಇನ್ನೂ ಹಲವು ಸಲ ಓಡಿಸಬೇಕಾಯಿತು. ಒಮ್ಮೆ ಕಾಲು ಮತ್ತೆ ಹೆದರಿತು, ಒಮ್ಮೆ ನಾಯಿ ಅಡ್ಡ ಬಂತು. ಕೊನೆಯ ಪಟ್ಟಿಯೂ ಹಸಿರಾದಾಗ ರಿವರ್ಸ್ ಲ್ಯಾಪ್‌ಟಾಪು ಮುಚ್ಚಿ, "ಪಾಸು ಮೇಷ್ಟ್ರೇ," ಎಂದ. "ಮೊದಲನೇ ಪ್ರಯತ್ನದಲ್ಲಿ ಅಂತ ನಾನು ಯಾರಿಗೂ ಸುಳ್ಳು ಹೇಳಲ್ಲ." ಅವನನ್ನು ಗ್ಯಾರೇಜಿನ ಮುಂದೆ ಇಳಿಸಿದರು.

ಶಾಲೆ ಬಿಡುವ ಹೊತ್ತಾಗಿತ್ತು. ಮಗಳ ಕಾರು ಗ್ಯಾರೇಜಿನಲ್ಲೇ ಇತ್ತು. ಅವಳು ಅದರ ಕಡೆ ನೋಡಲೂ ಇಲ್ಲ. "ಸೇತುವೆ ಮೇಲೆ ಹೋಗೋಣ," ಎಂದಳು. ಏರಿನಲ್ಲಿ ಅವಳು ಬಗ್ಗಿಯೂ ನೋಡಲಿಲ್ಲ. ವ್ಯಾನು ಸದ್ದಿಲ್ಲದೆ ಏರು ಹತ್ತಿ, ಇಳಿದು, ಶಾಲೆಯ ಬೀದಿಗೆ ತಿರುಗಿತು.

ಚಿನಕುರುಳಿ ಗೇಟಿನಿಂದ ಬಾಣದ ಹಾಗೆ ಬಂದಳು. ಬ್ಯಾಗು ಒಂದು ಹೆಗಲಲ್ಲಿ, ಕಾಲುಚೀಲ ಒಂದು ಮೇಲೆ ಒಂದು ಕೆಳಗೆ. "ತಾತಾ! ಕಾಲು ವಾಸಿ ಆಯ್ತಾ?"

"ಆಯ್ತು. ನಿಮ್ಮಮ್ಮ ವಾಸಿ ಮಾಡಿದಳು."

"ಅಮ್ಮ ಡಾಕ್ಟರಾ?"

"ಹತ್ತು ನೀನು ಮೊದಲು," ಎಂದಳು ಮಗಳು. ಮಗುವನ್ನು ಕೂರಿಸಿ, ಬೆಲ್ಟ್ ಹಾಕಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿದಳು. ಬಾಗಿಲು ಸರಿಸಿದಳು. ಆದರೆ ತಾನು ಹತ್ತಲಿಲ್ಲ. ಮುಂದಿನ ಕಿಟಕಿಯ ಹತ್ತಿರ ಬಂದು ನಿಂತಳು.

"ನೀನು ಬರಲ್ವಾ?" ಎಂದರು ಮೇಷ್ಟ್ರು.

"ಇಲ್ಲೇ ಹತ್ತಿರ ಒಬ್ಬರಿಗೆ ಕ್ಲಾಸ್ ಇದೆ. ಮುಗಿಸಿ ಬಸ್ಸಲ್ಲಿ ಬರ್ತೀನಿ. ನೀವು ಹೊರಡಿ."

ಈ ಹೊತ್ತಿನಲ್ಲಿ ಅವಳು ಯಾರಿಗೂ ಕ್ಲಾಸ್ ಇಟ್ಟುಕೊಳ್ಳುವುದಿಲ್ಲ ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. "ಸರಿ," ಎಂದರು.

ವ್ಯಾನು ಹೊರಟಿತು. ಹಿಂದಿನಿಂದ ಚಿನಕುರುಳಿಯ ಬಾಯಿ ಆಗಲೇ ಶುರುವಾಗಿತ್ತು. ಪಕ್ಕದ ಬೆಂಚಿನವಳ ಹಲ್ಲು ಬಿದ್ದದ್ದು, ಅದು ಎಲ್ಲಿ ಬಿತ್ತೆಂದು ಯಾರಿಗೂ ತಿಳಿಯದೆ ಇಡೀ ಕ್ಲಾಸು ನೆಲದ ಮೇಲೆ ಹುಡುಕಿದ್ದು. ಮೇಷ್ಟ್ರು ಕನ್ನಡಿಯಲ್ಲಿ ಒಮ್ಮೆ ನೋಡಿದರು. ಬೀದಿಯ ತಿರುವು ಇನ್ನೂ ದೂರವಿತ್ತು. ಮಗಳು ಅಷ್ಟರಲ್ಲೇ ವ್ಯಾನಿಗೆ ಬೆನ್ನು ಹಾಕಿ, ಕೈಚೀಲ ಬೀಸಿಕೊಂಡು, ಬಸ್‌ಸ್ಟಾಪಿನ ಕಡೆಗೆ ನಡೆಯುತ್ತಿದ್ದಳು.

"ತಾತಾ, ಕೇಳಿಸ್ಕೋತಿದ್ದೀರಾ?"

"ಕೇಳಿಸ್ಕೋತಿದೀನಿ," ಎಂದರು ಮೇಷ್ಟ್ರು. "ಹಲ್ಲು ಸಿಕ್ತಾ ಆಮೇಲೆ?"